ಕಡಲೆ ಸೀಮೆಗೆ ಹೊರಟ ಮಗಳಿಗೆ

ಮಗಳೇ, ಗದಗ ಜಿಲ್ಲೆಗೆ ಕೃಷಿ ಅಧಿಕಾರಿಯಾಗಿ ಹೊರಟಿದ್ದೀಯ. ಸಂತೋಷ ಕಣಮ್ಮ. ನಾನೂ ಇದೇ ಇಲಾಖೆಯಲ್ಲಿ, ಅದೇ ಎರೆಸೀಮೆಯಲ್ಲಿ ಬಹುಕಾಲ ದುಡಿದವನು. ಹೊರಡುವ ಮುಂಚೆ ದೊಡ್ಡಪ್ಪನ ನಾಲ್ಕು ಮಾತು ಕೇಳಿಸಿಕೋ.

ನೀನು ಸಕಲೇಶಪುರದವಳು. ಕಾಫಿ, ಮೆಣಸು, ಏಲಕ್ಕಿ, ಭತ್ತದ ಗದ್ದೆ ನಿನಗೆ ಗೊತ್ತು. ವರ್ಷಕ್ಕೆ 2,000 ಮಿ.ಮೀ. ದಾಟಿ ಮಳೆ ಸುರಿಯುವ, ಹುಳಿ ಮಣ್ಣಿನ ನಮ್ಮ ಊರಲ್ಲಿ ಕಡಲೆ ಏಳುವುದಿಲ್ಲ, ನಮಗೆ ಅದು ಸಂತೆಯಿಂದ ಬರುವ ಕಾಳು. ಅಲ್ಲಿ ಹಾಗಲ್ಲ. ಚಿತ್ತಾ, ಸ್ವಾತಿ ಮಳೆಯ ಹೊತ್ತಿಗೆ ಬೀಜ ಬಿದ್ದರೆ, ಎರೆಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲೇ ಮೂರು ತಿಂಗಳ ಮೇಲೆ ಗಿಡ ಬದುಕಬೇಕು. ಹದ ಹೋದಮೇಲೆ ಬಂದ ಬೀಜದ ಚೀಲ ಎಷ್ಟೇ ಒಳ್ಳೆಯ ತಳಿಯದಾದರೂ ರೈತನಿಗೆ ಉಪಯೋಗವಿಲ್ಲ. ರೈತ ಸಂಪರ್ಕ ಕೇಂದ್ರದಲ್ಲಿ ದಾಸ್ತಾನು ಯಾವತ್ತು ಬಂತು ಅನ್ನುವುದರ ಮೇಲೆ ನಿನ್ನ ಕಣ್ಣಿರಲಿ.

ಧಾರವಾಡ, ಗದಗದ ಕಡೆ ಹಳಬರು ನಂಬಿದ್ದು ಅಣ್ಣಿಗೇರಿ-1 ತಳಿಯನ್ನು. ಪಂಪನ ಅಣ್ಣಿಗೇರಿಯ ಹೆಸರನ್ನೇ ಹೊತ್ತ ಕಡಲೆ ಅದು. ಒಳ್ಳೆಯ ಕಾಳು, ಆದರೆ ಸೊರಗು ರೋಗಕ್ಕೆ ಬಲಿಯಾಗುತ್ತಿತ್ತು. ಆ ರೋಗದ ಶಿಲೀಂಧ್ರ ವರ್ಷಗಟ್ಟಲೆ ಮಣ್ಣಲ್ಲೇ ಕುಳಿತಿರುತ್ತದೆ, ಔಷಧಿ ಹೊಡೆದು ಓಡಿಸುವಂಥದ್ದಲ್ಲ. ಸೊರಗನ್ನು ತಡೆಯುವ ಜೆಜಿ-11 ತಳಿ 1999ರಲ್ಲಿ ಬಿಡುಗಡೆಯಾಯಿತು. ಹಾಗಿದ್ದರೂ ಬಹಳ ಊರುಗಳಲ್ಲಿ ಹಳೆಯ ಬೀಜವೇ ನಡೆದಿತ್ತು. 2007ರಿಂದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮತ್ತು ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಧಾರವಾಡ, ಕಲಬುರಗಿ ಜಿಲ್ಲೆಗಳಲ್ಲಿ ಬೇರೆ ದಾರಿ ಹಿಡಿದವು. ಹೊಸ ತಳಿಗಳನ್ನು ಹಳೆಯದರ ಪಕ್ಕದಲ್ಲೇ ರೈತರ ಹೊಲದಲ್ಲಿ ಬಿತ್ತಿಸಿ, ಯಾವುದು ಬೇಕು ಅಂತ ಅವರನ್ನೇ ಆರಿಸಲು ಬಿಟ್ಟವು. ಅಕ್ಕಪಕ್ಕದ ಸಾಲಿನಲ್ಲಿ ಒಂದು ಒಣಗಿ ಇನ್ನೊಂದು ಹಸಿರಾಗಿ ನಿಂತಿದ್ದನ್ನು ಕಂಡವನಿಗೆ ಭಾಷಣ ಬೇಕಾಗುವುದಿಲ್ಲ. ಅಣ್ಣಿಗೇರಿಯನ್ನು ಬಿಡಲೊಲ್ಲದವರಿಗೆ ಆಮೇಲೆ ಅದೇ ತಳಿಗೆ ಸೊರಗು ತಡೆಯುವ ಗುಣ ಸೇರಿಸಿದ ‘ಸೂಪರ್ ಅಣ್ಣಿಗೇರಿ-1’ ಬಂತು. ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್ ಕೂಡಿ ಮಾಡಿದ್ದು. ರೈತರ ಇಷ್ಟವನ್ನು ಗೌರವಿಸಿ ಮಾಡಿದ ಕೆಲಸ ಅಂತ ನನಗೆ ಅದರ ಮೇಲೆ ಹೆಚ್ಚು ಅಭಿಮಾನ.

ಬೀಜ ಕೊಟ್ಟು ತರಬೇತಿ ಕೊಡದಿದ್ದರೆ ಅರ್ಧ ಕೆಲಸ. ತರಬೇತಿ ಅಂದರೆ ಸಭಾಭವನ, ಬ್ಯಾನರ್, ಊಟ ಅಂದುಕೊಳ್ಳಬೇಡ. ಬಿತ್ತನೆಗೆ ಹದಿನೈದು ದಿನ ಮುಂಚೆ ಊರಿಗೆ ಹೋಗು. ಯಾರದಾದರೂ ಮನೆಯ ಬೀಜದಿಂದ ಆರಿಸದೆ ನೂರು ಕಾಳು ಎಣಿಸಿಕೋ. ಒದ್ದೆ ಗೋಣಿಚೀಲದ ಮೇಲೆ ಹತ್ತು ಸಾಲಾಗಿ ಇಟ್ಟು, ಸುತ್ತಿ, ನೆರಳಲ್ಲಿಡಿಸು, ತೇವ ಆರದಂತೆ ನೀರು ಚಿಮುಕಿಸಲು ಹೇಳು. ಎಂಟನೆಯ ದಿನ ಅವರ ಮುಂದೆಯೇ ಬಿಚ್ಚಿ, ಅವರಿಂದಲೇ ಎಣಿಸು. ಪ್ರಮಾಣಿತ ಬೀಜಕ್ಕೆ ಶೇ. 85 ಮೊಳಕೆ ಇರಬೇಕು. ಅರವತ್ತು ಬಂದರೆ ಬೀಜ ಬದಲಿಸಬೇಕೋ, ಎಕರೆಗೆ ಹೆಚ್ಚು ಹಾಕಬೇಕೋ ಅವರೇ ಲೆಕ್ಕ ಹಾಕುತ್ತಾರೆ. ಬೀಜೋಪಚಾರವನ್ನೂ ಅಂಗಳದಲ್ಲೇ ಮಾಡಿ ತೋರಿಸು. ಬೆಲ್ಲದ ನೀರಿನ ಅಂಟಿನಲ್ಲಿ ರೈಜೋಬಿಯಂ, ಟ್ರೈಕೋಡರ್ಮಾ ಹಚ್ಚಿ ನೆರಳಲ್ಲಿ ಆರಿಸಬೇಕು. ಬಿಸಿಲಿಗೆ ಹರಡಿದರೆ ಅದರಲ್ಲಿರುವ ಜೀವಾಣು ಸತ್ತುಹೋಗುತ್ತವೆ.

ಇನ್ನೊಂದು ಮಾತು, ಇದನ್ನು ಮನಸ್ಸಿಟ್ಟು ಕೇಳು. ತರಬೇತಿಗೆ ಬಂದು ಸಹಿ ಹಾಕುವವರು ಗಂಡಸರು. ಬೀಜ ಹಸನು ಮಾಡುವವರು, ಕಳೆ ತೆಗೆಯುವವರು, ಮೂವತ್ತು ಮೂವತ್ತೈದು ದಿನಕ್ಕೆ ಕುಡಿ ಚಿವುಟುವವರು ಹೆಂಗಸರು. ಕುಡಿ ಚಿವುಟಿದರೆ ಕವಲು ಹೆಚ್ಚಿ ಕಾಯಿ ಹೆಚ್ಚುತ್ತದೆ, ಸೊಪ್ಪು ಪಲ್ಯಕ್ಕಾಗುತ್ತದೆ. ಎಲೆಯ ಹುಳಿ ಬೆರಳಿಗೆ ಹತ್ತಿ ಉರಿಯುತ್ತದೆ. ಕಾಯಿಕೊರಕದ ಮರಿಹುಳುವನ್ನು ಮೊದಲು ಕಾಣುವುದೂ ಹೀಗೆ ಬಗ್ಗಿ ನಿಂತವಳ ಕಣ್ಣೇ. ಹುಳು ದಪ್ಪವಾಗಿ ಕಾಯಿಯೊಳಗೆ ತಲೆ ತೂರಿಸಿದ ಮೇಲೆ ಔಷಧಿಗೆ ಸುಮ್ಮನೆ ದುಡ್ಡು ದಂಡ. ಆದ್ದರಿಂದ ಅವರು ಕೆಲಸ ಮಾಡುವ ಹೊಲಕ್ಕೇ ಹೋಗಿ, ಅವರ ಬಿಡುವಿನ ಹೊತ್ತಿಗೆ ಹೇಳಿಕೊಡು. ಮೋಹಕ ಬಲೆ, ಹಕ್ಕಿ ಕೂರಲು ಕವಲು ಕೋಲು, ಬೇವಿನ ಬೀಜದ ಕಷಾಯ ಯಾವಾಗ ಅನ್ನುವುದು ಅವರಿಗೆ ತಿಳಿದರೆ ಅರ್ಧ ಹೊಡೆತ ತಪ್ಪುತ್ತದೆ.

ಯಂತ್ರದಲ್ಲಿ ಕೊಯ್ಯಲು ಎತ್ತರ ಬೆಳೆಯುವ ಎನ್‌ಬಿಇಜಿ-47, ಜಿಬಿಎಂ-2ರಂಥ ತಳಿಗಳಿವೆ. ಆಳು ಸಿಗದ ದೊಡ್ಡ ಹಿಡುವಳಿದಾರನಿಗೆ ಅವು ವರ. ಭೂಮಿಯಿಲ್ಲದ ಹೆಣ್ಣಾಳಿಗೆ ಮಾತ್ರ ಸುಗ್ಗಿಯ ಕೂಲಿ ಹೋಗುತ್ತದೆ. ತಳಿ ಶಿಫಾರಸು ಮಾಡುವಾಗ ಅವಳೂ ನಿನ್ನ ಲೆಕ್ಕದಲ್ಲಿರಲಿ.

ಕೊನೆಗೆ ಬೀಜದ ಲೆಕ್ಕ. ಹೆಕ್ಟೇರಿಗೆ 50 ಕೆ.ಜಿ. ಅಂತ ಹಿಡಿದರೂ ಒಂದು ಲಕ್ಷ ಹೆಕ್ಟೇರಿಗೆ 50,000 ಕ್ವಿಂಟಲ್ ಬೇಕು. ಬಿತ್ತಿದ ಒಂದು ಕೆ.ಜಿ. ಮಳೆಯಾಶ್ರಯದಲ್ಲಿ ಇಪ್ಪತ್ತಾದರೆ ದೊಡ್ಡದು. ಭತ್ತದ ಹಾಗೆ ಬೇಗ ಹೆಚ್ಚುವ ಬೀಜ ಇದಲ್ಲ, ಇಲಾಖೆಯೊಂದೇ ಪೂರೈಸುವುದೂ ಅಲ್ಲ. ಆದರೆ ನಮ್ಮ ಆಲೂರಿನ ಮುಸುಕಿನ ಜೋಳದವರಂತೆ ವರ್ಷವರ್ಷ ಅಂಗಡಿಗೆ ಓಡಬೇಕಿಲ್ಲ. ಕಡಲೆ ಸ್ವಪರಾಗದ ಬೆಳೆ. ಬೆರಕೆ ಗಿಡ ಕಿತ್ತು, ಚೆನ್ನಾಗಿ ಒಣಗಿಸಿ, ಹುಳು ಹತ್ತದಂತೆ ಇಟ್ಟರೆ ಮನೆಯ ಬೀಜವೇ ಮೂರು ವರ್ಷ ನಡೆಯುತ್ತದೆ. ಇಥಿಯೋಪಿಯಾದ ಎತ್ತರದ ಕಪ್ಪುಮಣ್ಣಿನಲ್ಲೂ ಹೊಸ ಕಡಲೆ ಹರಡಿದ್ದು ರೈತರ ಸಂಘಗಳೇ ಬೀಜ ಬೆಳೆದು ಹಂಚಿದ್ದರಿಂದ. ಊರಿಗೆ ನಾಲ್ಕೈದು ನಂಬಿಕಸ್ತರನ್ನು ಹುಡುಕಿ, ನೀಲಿ ಚೀಟಿಯ ಪ್ರಮಾಣಿತ ಬೀಜ ಕೊಟ್ಟು, ಉಳಿದವರಿಗೆ ಅವರಿಂದಲೇ ಕೊಡಿಸು.

ಎಷ್ಟು ಚೀಲ ಹಂಚಿದೆ ಅಂತ ಮೇಲಿನವರು ಕೇಳುತ್ತಾರೆ, ಬರೆದುಕೊಡು. ನಿನ್ನ ಸ್ವಂತ ಪುಸ್ತಕದಲ್ಲಿ ಮಾತ್ರ ಎರಡನೆಯ ವರ್ಷ ಆ ಬೀಜವನ್ನು ಬಿಟ್ಟವರ ಹೆಸರು ಬರೆದಿಟ್ಟುಕೋ. ಅವರ ಮನೆಗೆ ಹೋಗಿ ಕೂತು, ಯಾಕೆ ಬಿಟ್ಟಿರಿ ಅಂತ ಕೇಳು.