ನಿಂತ ಟ್ರ್ಯಾಕ್ಟರ್‌ನ ಬ್ಯಾಟರಿ ಸಾಯದಂತೆ ನೋಡಿಕೊಳ್ಳೋದು ಹೇಗೆ?

ಈ ವಾರ ಗೊಬ್ಬರ, ಜೀವಾಮೃತ ಎಲ್ಲ ಪಕ್ಕಕ್ಕಿಡೋಣ. ಶೆಡ್ಡಲ್ಲಿ ಸುಮ್ಮನೆ ನಿಂತಿರೋ ಟ್ರ್ಯಾಕ್ಟರ್ ಕಡೆ ಒಂದ್ಸಲ ನೋಡೋಣ.

ಸಾವಯವಕ್ಕೆ ಬಂದ ಮೇಲೆ ನಾನು ಉಳುಮೆ ತುಂಬಾ ಕಡಿಮೆ ಮಾಡಿದ್ದೀನಿ. ತೆಂಗಿನ ಸಾಲುಗಳ ನಡುವೆ ವರ್ಷಕ್ಕೆ ಎರಡು ಸಲ ಇಳಿಸಿದರೆ ಹೆಚ್ಚು. ಹಾಗಾಗಿ ಟ್ರ್ಯಾಕ್ಟರ್ ಓಡೋ ದಿನಕ್ಕಿಂತ ನಿಲ್ಲೋ ದಿನಗಳೇ ಜಾಸ್ತಿ. ಎರಡು ವರ್ಷದ ಹಿಂದೆ ಶಿವರಾತ್ರಿ ಆದ್ಮೇಲೆ ಶೆಡ್ಡಿಗೆ ಬಿಟ್ಟವನು, ಭರಣಿ ಮಳೆ ಬೀಳೋವರೆಗೂ ಅದರ ಕಡೆ ತಿರುಗಿ ನೋಡಲಿಲ್ಲ. ಮಳೆ ಚೆನ್ನಾಗಿ ಬಂತು. ಮಾರನೇ ದಿನ ಬೆಳಿಗ್ಗೆ ಅಪ್ಪಸೆಣಬಿನ ಬೀಜ ಚೀಲ ತಂದಿಟ್ಟು ಕೀ ತಿರುಗಿಸಿದೆ. 'ಟಿಕ್' ಅಂತು, ಅಷ್ಟೇ. ಮತ್ತೆ ತಿರುಗಿಸಿದೆ. ಆ ಟಿಕ್ ಕೂಡ ಬರಲಿಲ್ಲ.

ನಮ್ಮ ಶೆಡ್ಡು ದಾರಿಗಿಂತ ತಗ್ಗಲ್ಲಿದೆ, ತಳ್ಳಿ ಸ್ಟಾರ್ಟ್ ಮಾಡೋ ಹಾಗಿಲ್ಲ. ಊರಿನ ಉಳಿದ ಟ್ರ್ಯಾಕ್ಟರ್‌ಗಳೆಲ್ಲ ಹೊಲದಲ್ಲಿದ್ದವು. ಬ್ಯಾಟರಿ ಬಿಚ್ಚಿ ಪೇಟೆಗೆ ಒಯ್ದೆ. ಅಂಗಡಿಯವರು ಎರಡು ದಿನ ಚಾರ್ಜಿಗಿಟ್ಟು, "ಹಿಡೀತಿಲ್ಲ ಸಾರ್" ಅಂದರು. ವಾರಂಟಿ ಕಾರ್ಡ್ ತೋರಿಸಿದ್ದಕ್ಕೆ, "ಚಾರ್ಜ್ ಇಲ್ದೆ ಬಿಟ್ಟಿದ್ದಕ್ಕೆ ವಾರಂಟಿ ಬರಲ್ಲ" ಅಂದರು. ಹದಿನಾಲ್ಕು ತಿಂಗಳ ಬ್ಯಾಟರಿ. ಹೊಸದಕ್ಕೆ ಏಳು ಸಾವಿರದ ಚಿಲ್ಲರೆ ಕೊಟ್ಟು ಮನೆಗೆ ಬರೋ ಹೊತ್ತಿಗೆ ನಾಲ್ಕನೇ ದಿನ. ನಮ್ಮದು ಮರಳು ಮಿಶ್ರಿತ ಕೆಂಪು ಮಣ್ಣು, ಮೂರು ದಿನ ಬಿಸಿಲು ಬಿದ್ದರೆ ಹದ ಹೋಗುತ್ತೆ. ಬೀಜ ಚೆಲ್ಲಿದೆ, ಅಲ್ಲೊಂದು ಇಲ್ಲೊಂದು ಹುಟ್ಟಿತು. ಆ ವರ್ಷದ ಹಸಿರೆಲೆ ಗೊಬ್ಬರ ಹೋದ ಹಾಗೇ. ಏಳು ಸಾವಿರಕ್ಕಿಂತ ಅದೇ ಹೆಚ್ಚು ಹೊಟ್ಟೆ ಉರಿಸಿದ್ದು.

ನಾಲ್ಕು ವರ್ಷ ತೋಟಗಾರಿಕೆ ಓದಿದವನು ನಾನು. ಎಲೆ ನೋಡಿ ಯಾವ ಪೋಷಕಾಂಶದ ಕೊರತೆ ಅಂತ ಹೇಳ್ತಿದ್ದೆ. ಮನೆ ಬ್ಯಾಟರಿಯ ಹಸಿವು ಮಾತ್ರ ಗೊತ್ತಾಗಿರಲಿಲ್ಲ.

ಒಳಗೆ ಆಗೋದೇನು?

ಟ್ರ್ಯಾಕ್ಟರ್‌ನಲ್ಲಿರೋದು ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ. ಚಾರ್ಜ್ ಇಳಿದಾಗ ಒಳಗಿನ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತೆ. ಮತ್ತೆ ಚಾರ್ಜ್ ಮಾಡಿದರೆ ಕರಗುತ್ತೆ. ಇದು ದಿನಾ ನಡೆಯೋ ವ್ಯವಹಾರ, ತೊಂದರೆ ಏನಿಲ್ಲ. ಆದರೆ ಇಳಿದ ಸ್ಥಿತಿಯಲ್ಲೇ ವಾರಗಟ್ಟಲೆ ಬಿಟ್ಟರೆ ಆ ಸಲ್ಫೇಟ್ ದೊಡ್ಡ ಗಟ್ಟಿ ಹರಳಾಗುತ್ತೆ. ಜೋನಿ ಬೆಲ್ಲದ ಡಬ್ಬಿ ನೆನಪಿಸಿಕೊಳ್ಳಿ. ಆಗಷ್ಟೇ ತಳದಲ್ಲಿ ಕೂತ ಸಣ್ಣ ಹರಳು ಸ್ವಲ್ಪ ಬಿಸಿ ಮಾಡಿದರೆ ಕರಗುತ್ತೆ, ವರ್ಷ ಬಿಟ್ಟರೆ ಸೌಟಿಗೂ ಬಗ್ಗಲ್ಲ. ಪ್ಲೇಟಿನ ಎಷ್ಟು ಭಾಗ ಹರಳಿನಿಂದ ಮುಚ್ಚಿತೋ ಅಷ್ಟು ಬ್ಯಾಟರಿ ಹೋಯ್ತು ಅಂತಲೇ ಲೆಕ್ಕ.

ಚಾರ್ಜ್ ಇಳಿಯೋದಕ್ಕೆ ಎರಡು ಕಾರಣ. ಒಂದು, ಏನೂ ಜೋಡಿಸದಿದ್ದರೂ ಬ್ಯಾಟರಿ ತಾನಾಗೇ ತಿಂಗಳಿಗೆ ಸ್ವಲ್ಪ ಸ್ವಲ್ಪ ಇಳಿಯುತ್ತೆ. ಶಾಖ 10 ಡಿಗ್ರಿ ಏರಿದರೆ ಈ ಇಳಿತ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತೆ. ತಗಡಿನ ಶೆಡ್ಡಿನ ಏಪ್ರಿಲ್ ತಿಂಗಳು ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಎರಡನೇದು ಕಳ್ಳ ಲೋಡು. ನನ್ನ ಕೇಸಲ್ಲಿ ಸಿಕ್ಕಿಬಿದ್ದಿದ್ದು ಇದೇ. ನಮ್ಮ ಭಾವಮೈದ ಪ್ರೀತಿಯಿಂದ ಒಂದು ಹಾಡಿನ ಸಿಸ್ಟಂ ಹಾಕಿಸಿಕೊಟ್ಟಿದ್ದ. ಅದರ ವೈರ್ ಕೀ ಸ್ವಿಚ್ ಮೂಲಕ ಬರದೆ ನೇರ ಬ್ಯಾಟರಿಗೇ ಹೋಗಿತ್ತು. ಕೀ ತೆಗೆದರೂ ಸಣ್ಣ ನೀಲಿ ದೀಪ ಉರೀತಾನೇ ಇತ್ತು. ಆಮೇಲೆ ಅಳತೆ ಮಾಡಿದರೆ 50 ಮಿಲಿ ಆಂಪಿಯರ್. ಏನೂ ಅಲ್ಲ ಅನ್ನಿಸುತ್ತೆ ಅಲ್ವಾ? ಲೆಕ್ಕ ಹಾಕಿ. ದಿನಕ್ಕೆ 1.2 ಆಂಪಿಯರ್ ಅವರ್, ತಿಂಗಳಿಗೆ 36, ಎರಡು ತಿಂಗಳಿಗೆ 72. ನಮ್ಮ ಬ್ಯಾಟರಿ ಇದ್ದದ್ದೇ 88. ಜಿಪಿಎಸ್, ಹೆಚ್ಚುವರಿ ಲೈಟು, ಮೊಬೈಲ್ ಚಾರ್ಜರ್ ಹಾಕಿಸಿದವರು ಒಮ್ಮೆ ನೋಡಿಕೊಳ್ಳಿ.

ಮಲ್ಟಿಮೀಟರ್ ಒಂದಿರಲಿ

ಕೆಲವು ನೂರು ರೂಪಾಯಿಗೆ ಸಿಗುತ್ತೆ. ಟ್ರ್ಯಾಕ್ಟರ್ ನಿಲ್ಲಿಸಿ ಕಡೇಪಕ್ಷ ನಾಲ್ಕೈದು ಗಂಟೆ ಬಿಟ್ಟು, ಡಿಸಿ ವೋಲ್ಟ್ 20ರಲ್ಲಿಟ್ಟು ನೋಡಿ. ನಿಲ್ಲಿಸಿದ ಕೂಡಲೇ ನೋಡಿದರೆ ಸುಳ್ಳು ಲೆಕ್ಕ ಬರುತ್ತೆ. 12.6 ಅಥವಾ ಮೇಲಿದ್ದರೆ ಹೊಟ್ಟೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ. 11.8 ಅಂದರೆ ಹೆಚ್ಚುಕಡಿಮೆ ಖಾಲಿ. ಮೊದಲು '12 ವೋಲ್ಟ್ ಬ್ಯಾಟರಿ 12 ತೋರಿಸ್ತಿದೆ, ಸರಿ ಇದೆ' ಅಂತ ನಾನೂ ಅಂದುಕೊಂಡಿದ್ದೆ. 12 ಅಂದ್ರೆ ಆಗಲೇ ಮುಳುಗೋ ಹಂತ. ನಾನು 12.4ಕ್ಕೆ ಇಳಿದ ದಿನವೇ ಚಾರ್ಜಿಗೆ ಹಾಕ್ತೀನಿ.

ಮುಚ್ಚಳ ತೆಗೆಯೋ ಬ್ಯಾಟರಿಯಾದರೆ ಹೈಡ್ರೋಮೀಟರ್ ಇನ್ನೂ ನಿಖರ. ಆರೂ ಸೆಲ್ ಒಂದೊಂದಾಗಿ ನೋಡಿ. ಪೂರ್ತಿ ಚಾರ್ಜ್ ಆದಾಗ 1.240ರಿಂದ 1.260ರ ಆಸುಪಾಸು ಇರಬೇಕು. ಐದು ಸೆಲ್ ಸರಿಯಿದ್ದು ಒಂದು ಮಾತ್ರ ತೀರಾ ಕೆಳಗಿದ್ದರೆ ಆ ಸೆಲ್ ಹೋಗಿದೆ, ಅಂಥ ಬ್ಯಾಟರಿಗೆ ಚಾರ್ಜಿಂಗ್ ದುಡ್ಡು ಸುರಿಯಬೇಡಿ.

ಕಳ್ಳ ಲೋಡ್ ಹಿಡಿಯೋಕೆ: ಕೀ ತೆಗೆದು, ಎಲ್ಲ ಆಫ್ ಮಾಡಿ, ನೆಗೆಟಿವ್ ವೈರ್ ಬಿಚ್ಚಿ. ಮೀಟರ್ 10 ಆಂಪಿಯರ್ ರೇಂಜಿಗಿಟ್ಟು ಆ ವೈರಿಗೂ ಬ್ಯಾಟರಿ ಟರ್ಮಿನಲ್‌ಗೂ ನಡುವೆ ಹಿಡಿಯಿರಿ. ಆ ಹೊತ್ತಲ್ಲಿ ಯಾರೂ ಸೆಲ್ಫ್ ಹೊಡೆಯಬಾರದು, ಮೀಟರ್ ಅಲ್ಲೇ ಸುಟ್ಟು ಹೋಗುತ್ತೆ.

ಈಗ ನಾನು ಮಾಡೋದು

ಹದಿನೈದು ದಿನಕ್ಕಿಂತ ಹೆಚ್ಚು ನಿಲ್ಲಿಸೋದಾದರೆ ನೆಗೆಟಿವ್ ವೈರ್ ಬಿಚ್ಚಿಬಿಡ್ತೀನಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಯಾಕಂದ್ರೆ ಟ್ರ್ಯಾಕ್ಟರ್ ಬಾಡಿಯೇ ನೆಗೆಟಿವ್. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತೆ, ಕೈ ಸುಡುತ್ತೆ.

ತಿಂಗಳಿಗೊಮ್ಮೆ ರಾತ್ರಿ ಚಾರ್ಜರ್‌ಗೆ ಹಾಕ್ತೀನಿ. ಬ್ಯಾಟರಿಯ ಹತ್ತನೇ ಒಂದು ಭಾಗದಷ್ಟು ಕರೆಂಟ್ ಸಾಕು, 88ರದ್ದಕ್ಕೆ 8-9 ಆಂಪಿಯರ್. ತುಂಬಿದ ಮೇಲೆ ತಾನೇ ಕಡಿಮೆ ಮಾಡಿಕೊಳ್ಳೋ ಆಟೋಮ್ಯಾಟಿಕ್ ಚಾರ್ಜರ್ ತಗೊಳ್ಳಿ. ಗಡಿಬಿಡಿ ಮಾಡಿ ಜಾಸ್ತಿ ಕರೆಂಟ್ ನುಗ್ಗಿಸಿದರೆ ಬಿಸಿಯಾಗಿ ಪ್ಲೇಟು ಬಾಗುತ್ತೆ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬರೋದರಿಂದ ಗಾಳಿಯಾಡೋ ಜಾಗ ಬೇಕು, ಹತ್ತಿರ ಬೀಡಿ ಬೇಡ. ಅಪ್ಪನಿಗೆ ಇದನ್ನ ಹೇಳೋದೇ ನನಗೆ ದೊಡ್ಡ ಕೆಲಸ.

"ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ರೆ ಆಯ್ತು ಕಣೋ" ಅಂತಾರಲ್ಲ, ಅದು ಅರ್ಧ ಸರಿ. ತುಂಬಿರೋ ಬ್ಯಾಟರಿಗೆ ಸ್ಟಾರ್ಟ್ ಮಾಡಿದಾಗ ಹೋಗಿದ್ದಷ್ಟು ವಾಪಸ್ ಬರಬಹುದು. ಅರ್ಧ ಇಳಿದ ಬ್ಯಾಟರಿಗೆ ಹತ್ತು ನಿಮಿಷ ಯಾವ ಲೆಕ್ಕಕ್ಕೂ ಇಲ್ಲ, ಗಂಟೆಗಟ್ಟಲೆ ಬೇಕು. ಐಡ್ಲಿಂಗ್‌ನಲ್ಲಿ ಡೈನಮೋ ಕೊಡೋದೂ ಕಡಿಮೆ. ಡೀಸೆಲ್ ಸುಟ್ಟಿದ್ದೊಂದೇ ಲಾಭ.

ಶೆಡ್ಡಲ್ಲಿ ಕರೆಂಟ್ ಇಲ್ಲ ಅನ್ನೋರು 10 ವ್ಯಾಟಿನ ಸಣ್ಣ ಸೋಲಾರ್ ಪ್ಯಾನೆಲ್ ಹಾಕಿಸಿ. ಒಳ್ಳೆ ಬಿಸಿಲಿದ್ದರೆ ದಿನಕ್ಕೆ ಎರಡೂವರೆ ಆಂಪಿಯರ್ ಅವರ್ ಬರುತ್ತೆ, ನಿಂತ ಬ್ಯಾಟರಿಗೆ ಧಾರಾಳ. ನಡುವೆ ಚಾರ್ಜ್ ಕಂಟ್ರೋಲರ್ ಇರಲೇಬೇಕು.

ನೀರಿನ ವಿಷಯ. ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು, ಫಿಲ್ಟರ್ ನೀರು ಬೇಡ, ಆಸಿಡ್ ಅಂತೂ ಸೇರಿಸಲೇಬೇಡಿ. ಪ್ಲೇಟು ಬರಿದಾಗಿದ್ದರೆ ಮುಳುಗುವಷ್ಟು ಹಾಕಿ ಚಾರ್ಜ್ ಮಾಡಿ, ಪೂರ್ತಿ ಮಟ್ಟಕ್ಕೆ ತರೋದು ಚಾರ್ಜ್ ಆದ್ಮೇಲೆ. ಟರ್ಮಿನಲ್ ಮೇಲೆ ಬಿಳಿ ಬೂಷ್ಟು ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ನೀರು, ಹಳೇ ಟೂತ್ ಬ್ರಷ್. ಒರೆಸಿ, ವೈರ್ ಬಿಗಿ ಮಾಡಿ, ವ್ಯಾಸಲೀನ್ ಸವರಿ. ಸೋಡಾ ನೀರು ಸೆಲ್ ಒಳಗೆ ಹೋಗದ ಹಾಗೆ ಮುಚ್ಚಳ ಭದ್ರವಾಗಿರಲಿ.

ಬಿಚ್ಚಿದ ಬ್ಯಾಟರಿಯನ್ನ ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ನೆಲಕ್ಕೆ ಇಳಿಯುತ್ತೆ ಅನ್ನೋ ಮಾತಿದೆ. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಅದು ಅನ್ವಯಿಸಲ್ಲ. ತಂಪಾದ, ಒಣಗಿದ, ಮಕ್ಕಳ ಕೈಗೆ ಸಿಗದ ಜಾಗ ಆದರೆ ಸಾಕು.

ಬೆನ್ನಿಗೆ ಹಾಕೋ ಬ್ಯಾಟರಿ ಸ್ಪ್ರೇಯರ್ ಇನ್ನೂ ಬೇಗ ಸಾಯುತ್ತೆ. ಹೆಚ್ಚಿನವಲ್ಲಿ ಇರೋದು 12 ವೋಲ್ಟ್, 8 ಆಂಪಿಯರ್ ಅವರ್‌ನ ಸೀಲ್ಡ್ ಬ್ಯಾಟರಿ, ಇದೇ ಸೀಸದ ಜಾತಿ. ಬೇವಿನೆಣ್ಣೆ ಹೊಡೆದು, ಪಂಪ್ ಸೊರಗಿದ ಮೇಲೆ ಹಾಗೇ ಮೂಲೆಗಿಟ್ಟರೆ ಮುಂದಿನ ಸೀಸನ್‌ಗೆ ಎರಡು ಟ್ಯಾಂಕೂ ಹೊಡೆಯಲ್ಲ. ಸಂಜೆ ಬಂದ ಕೂಡಲೇ ಚಾರ್ಜ್ ಮಾಡಿ, ಬಳಸದ ತಿಂಗಳುಗಳಲ್ಲಿ ಎರಡು ತಿಂಗಳಿಗೊಮ್ಮೆ ತುಂಬಿಸಿ. ಲಿಥಿಯಂ ಬ್ಯಾಟರಿಯದ್ದಾದರೆ ಮಾತ್ರ ಉಲ್ಟಾ, ಬಹಳ ದಿನ ಇಡೋದಾದರೆ ಅರ್ಧ ಚಾರ್ಜಿನಲ್ಲಿಡಿ.

ನಮ್ಮ ಹಳೇ ಬ್ಯಾಟರಿಯನ್ನ ಹೊಸದು ತಗೊಳ್ಳುವಾಗ ಅಂಗಡಿಗೇ ಕೊಟ್ಟೆ, ಅಷ್ಟು ದುಡ್ಡು ಬಿಲ್ಲಲ್ಲಿ ಕಳೆದರು. ನೀವೂ ಹಾಗೇ ಮಾಡಿ. ಅದನ್ನ ಒಡೆದು ಸೀಸ ತೆಗೀತೀನಿ ಅಂತ ಹೋಗಬೇಡಿ, ಬದುವಿಗೆ ಎಸೆಯಲೂಬೇಡಿ. ಮಣ್ಣಿಗೆ ಒಮ್ಮೆ ಸೇರಿದ ಸೀಸವನ್ನ ಯಾವ ಕಾಂಪೋಸ್ಟೂ ಹೊರಗೆ ಹಾಕಲ್ಲ.