ಗುಲ್ಕಂದ ಕೆಡದಿರುವುದೇಕೆ?

ಗಿಡದಿಂದ ಬಿಡಿಸಿದ ಗುಲಾಬಿಯ ಎಸಳು ಮರುದಿನಕ್ಕೆ ಬಾಡುತ್ತದೆ, ಮತ್ತೆರಡು ದಿನಕ್ಕೆ ಕೊಳೆಯತೊಡಗುತ್ತದೆ. ಅದೇ ಎಸಳನ್ನು ಸಕ್ಕರೆಯೊಡನೆ ಜಾಡಿಯಲ್ಲಿ ಅದುಮಿಟ್ಟರೆ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಒಲೆಯ ಮೇಲಿಟ್ಟು ಕುದಿಸಿದ್ದಿಲ್ಲ, ಕೆಡದಂತೆ ಔಷಧ ಬೆರೆಸಿದ್ದೂ ಇಲ್ಲ. ಹೀಗಿರಲು ಅದನ್ನು ಕಾಯುತ್ತಿರುವುದಾದರೂ ಏನು?

ಗುಲ್ಕಂದವೆಂಬ ಹೆಸರು ಪಾರಸಿಯದು: ಗುಲ್ ಎಂದರೆ ಹೂ, ಕಂದ್ ಎಂದರೆ ಸಕ್ಕರೆ. (ಆ ಭಾಷೆಯಲ್ಲಿ ಗುಲಾಬ್ ಎಂದರೆ ಪನ್ನೀರು, ನಮ್ಮಲ್ಲಿಗೆ ಬರುವ ವೇಳೆಗೆ ನೀರಿನ ಹೆಸರು ಹೂವಿಗೆ ಅಂಟಿಕೊಂಡಿತು.) ಇದಕ್ಕೆ ಬೇಕಾದುದು ನೋಟದ ಗುಲಾಬಿಯಲ್ಲ, ಘಮದ ಗುಲಾಬಿ. ರಾಜಸ್ಥಾನದ ಪುಷ್ಕರದಲ್ಲಿಯೂ ಉತ್ತರ ಪ್ರದೇಶದ ಕನೌಜಿನ ಕಡೆಯಲ್ಲಿಯೂ ಬೆಳೆಯುವ ಡಮಾಸ್ಕ್ ಗುಲಾಬಿ ಇದಕ್ಕೆ ಹೆಸರಾದುದು. ನಮ್ಮ ಪೇಟೆಗಳಲ್ಲಿ ಪನ್ನೀರು ಗುಲಾಬಿಯೆಂದು ಮಾರುವ ಪರಿಮಳದ ಹೂವೂ ಆಗಬಹುದು. ಹೂಗುಚ್ಛಕ್ಕೆಂದು ಬೆಳೆದ ಉದ್ದ ತೊಟ್ಟಿನ ಗುಲಾಬಿಯನ್ನು ಮಾತ್ರ ಎಂದಿಗೂ ಬಳಸಬಾರದು. ಅದನ್ನು ಬೆಳೆಯುವವರು ತಿನ್ನುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆಯುವುದಿಲ್ಲ. ಕೀಟನಾಶಕಗಳನ್ನು ಮೇಲಿಂದ ಮೇಲೆ ಸಿಂಪಡಿಸುತ್ತಾರೆ. ಅವುಗಳಲ್ಲಿ ಕೆಲವು ಸಸ್ಯರಸದಲ್ಲಿಯೇ ಸೇರಿಹೋಗುವುದರಿಂದ ಎಷ್ಟು ತೊಳೆದರೂ ಹೋಗುವುದಿಲ್ಲ. ಔಷಧ ಹೊಡೆಯದ ಹಿತ್ತಲ ಗಿಡವೇ ಲೇಸು.

ಈಗ ಲೆಕ್ಕಕ್ಕೆ ಬರೋಣ. ಎಸಳಿನ ತೂಕದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ನೀರೇ. ಸಾಧಾರಣ ಶಾಖದಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ಆದುದರಿಂದ 100 ಗ್ರಾಂ ಎಸಳಿಗೆ 200 ಗ್ರಾಂ ಸಕ್ಕರೆ ಹಾಕಿದರೆ, ಎಸಳಿನ ನೀರೆಲ್ಲ ಹೊರಬಂದರೂ ಸಕ್ಕರೆ ಪೂರ್ತಿ ಕರಗದೆ ತುಸು ಉಳಿಯುತ್ತದೆ. ಜಾಡಿಯಲ್ಲಿರುವುದು ಇನ್ನು ಕರಗಿಸಿಕೊಳ್ಳಲಾರದ ಪರ್ಯಾಪ್ತ ದ್ರಾವಣ. ಇಂತಹ ದ್ರಾವಣದಲ್ಲಿ ಬಿದ್ದ ಬ್ಯಾಕ್ಟೀರಿಯದ ಮೈಯೊಳಗಿನ ನೀರು ಕೋಶಪೊರೆಯ ಮೂಲಕ ಹೊರಕ್ಕೆ ಸೆಳೆಯಲ್ಪಡುತ್ತದೆ. ಇದೇ ಅಭಿಸರಣ. ಸುತ್ತಲೂ ನೀರಿದ್ದರೂ ಅದೆಲ್ಲ ಸಕ್ಕರೆಯ ಹಿಡಿತದಲ್ಲಿರುವುದರಿಂದ ಜೀವಿಗೆ ದಕ್ಕುವುದಿಲ್ಲ. ಕೆಲವು ಹಟಮಾರಿ ಯೀಸ್ಟುಗಳೂ ಬೂಷ್ಟುಗಳೂ ಮಾತ್ರ ಇದನ್ನು ತಡೆದುಕೊಳ್ಳಬಲ್ಲವು.

ಎಸಳನ್ನು ತೊಳೆದ ಮೇಲೆ ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಬೇಕೆನ್ನುವುದು ಇದಕ್ಕಾಗಿಯೇ. 30 ಗ್ರಾಂ ನೀರು ಅಂಟಿಕೊಂಡು ಒಳಗೆ ಹೋದರೂ ಮೇಲಿನ ಲೆಕ್ಕ ತಪ್ಪುತ್ತದೆ. ಬುಡದ ಬಿಳಿಯ ಭಾಗ ಕಹಿ. ಅದನ್ನು ಕಿತ್ತು ತೆಗೆದು, ಎಸಳನ್ನು ಪುಡಿ ಮಾಡಿದ ಕಲ್ಲುಸಕ್ಕರೆಯೊಡನೆ ಕೈಯಿಂದ ಹಿಸುಕಿ, ಒಣಗಿದ ಗಾಜಿನ ಅಥವಾ ಪಿಂಗಾಣಿ ಜಾಡಿಗೆ ತುಂಬಿ, ಮೂರು ನಾಲ್ಕು ವಾರ ಹಗಲು ಬಿಸಿಲಿಗಿಡಬೇಕು. ಬಾಯಿಗೆ ಬಿಗಿಮುಚ್ಚಳ ಬೇಡ, ಬಟ್ಟೆ ಕಟ್ಟಿದರೆ ಸಾಕು. ಮುಚ್ಚಳವಿದ್ದರೆ ಬಿಸಿಲಿಗೆ ಎದ್ದ ಆವಿ ಅದರ ಕೆಳಗೆ ಹನಿಗಟ್ಟಿ ಮತ್ತೆ ಮೇಲ್ಪದರಕ್ಕೆ ಬೀಳುತ್ತದೆ. ಅಲ್ಲಿ ದ್ರಾವಣ ತೆಳುವಾಗಿ ಬೂಷ್ಟು ಹಿಡಿಯುತ್ತದೆ. ದಿನಕ್ಕೊಮ್ಮೆ ಒಣ ಚಮಚದಿಂದ ಮಗುಚಬೇಕು. ನೊರೆಯೆದ್ದು ಹುಳಿವಾಸನೆ ಬಂದರೆ ಯೀಸ್ಟು ಗೆದ್ದಿತೆಂದೇ ಅರ್ಥ. ಮೇಲಿನದನ್ನಷ್ಟೇ ತೆಗೆದುಹಾಕಿ ಉಳಿದುದನ್ನು ತಿನ್ನುವ ಜಿಪುಣತನ ಸಲ್ಲದು. ಗುಲ್ಕಂದ ದೇಹಕ್ಕೆ ತಂಪೆಂಬ ನಂಬಿಕೆ ಹಳೆಯದು. ಮೂರರಲ್ಲಿ ಎರಡು ಪಾಲಿನಷ್ಟು ಸಕ್ಕರೆಯೆಂಬುದನ್ನಂತೂ ಮಧುಮೇಹವುಳ್ಳವರು ಮರೆಯಬಾರದು.

ಶರಬತ್ತಿಗೆ ಎಸಳನ್ನು ಕುದಿಸಬಾರದು. ಪನ್ನೀರಿನ ಪರಿಮಳದಲ್ಲಿ ಮುಖ್ಯವಾದ ಫಿನೈಲ್ ಈಥೈಲ್ ಆಲ್ಕೊಹಾಲ್ ನೀರಿನಲ್ಲಿ ತಕ್ಕಮಟ್ಟಿಗೆ ಕರಗಿ ಉಳಿಯುತ್ತದೆ. ಆದರೆ ತೆರೆದ ಪಾತ್ರೆಯಲ್ಲಿ ಕುದಿಸಿದರೆ ಹಬೆ ಪರಿಮಳವನ್ನು ಹೊತ್ತೊಯ್ಯುತ್ತದೆ. ಕುದಿದ ನೀರನ್ನು ಒಲೆಯಿಂದಿಳಿಸಿ, 100 ಗ್ರಾಂ ಎಸಳಿಗೆ ಅರ್ಧ ಲೀಟರಿನಂತೆ ಸುರಿದು, ಮುಚ್ಚಿಟ್ಟು, ತಣಿದ ಮೇಲೆ ಸೋಸಬೇಕು. ಬಣ್ಣ ಮಂಕಾಗಿ ಕಂಡರೆ ನಿರಾಶರಾಗಬೇಡಿ. ನಿಂಬೆರಸ ಹಿಂಡುತ್ತಲೇ ಅದು ಕೆಂಪಗೆ ಹೊಳೆಯುತ್ತದೆ. ಎಸಳಿನ ಆಂಥೊಸಯಾನಿನ್ ಎಂಬ ವರ್ಣದ್ರವ್ಯ ಆಮ್ಲದಲ್ಲಿ ಕೆಂಪಾಗುವ ಗುಣವುಳ್ಳದ್ದು. ಕಾಲೇಜಿನ ಪ್ರಯೋಗಶಾಲೆಯ ಲಿಟ್ಮಸ್ಸಿಗೆ ಇದೇನೂ ಕಡಮೆಯಲ್ಲ! ಈ ರಸಕ್ಕೆ ಅದರ ತೂಕದ ಎರಡರಷ್ಟು ಸಕ್ಕರೆ ಸೇರಿಸಿ, ಕರಗುವಷ್ಟು ಮಾತ್ರ ಬಿಸಿಮಾಡಿ, ಶುಚಿಯಾದ ಸೀಸೆಯಲ್ಲಿ ತುಂಬಿಡಬಹುದು.

ಕುಡಿಯುವಾಗ ಇದರ ಆರೇಳು ಪಾಲು ತಣ್ಣೀರು ಬೆರೆಸುತ್ತೇವಷ್ಟೆ. ಆಗ ಸಕ್ಕರೆ ನೂರಕ್ಕೆ ಹತ್ತರ ಸುಮಾರಿಗೆ ಇಳಿದು, ಈವರೆಗೆ ಸೂಕ್ಷ್ಮಜೀವಿಗಳನ್ನು ದೂರವಿಟ್ಟದ್ದೇ ಅವಕ್ಕೆ ಒಳ್ಳೆಯ ಆಹಾರವಾಗಿಬಿಡುತ್ತದೆ. ಬೆರೆಸಿದ ಶರಬತ್ತನ್ನು ಅಂದೇ ಕುಡಿದು ಮುಗಿಸತಕ್ಕದ್ದು.