ಬಿಳಿ ಕಂಡಿದ್ದೆಲ್ಲ ಬೂಷ್ಟಲ್ಲ

ಹೋದ ವರ್ಷ ಸಿರುಗುಪ್ಪ ಕಡೆಯ ಗೆಳೆಯನೊಬ್ಬ ಊರಿಂದ ಅರ್ಧ ಚೀಲ ಒಣಮೆಣಸಿನಕಾಯಿ ತಂದಿದ್ದ. ರೂಮ್ ಮಾಡ್ಕೊಂಡು ಅಡುಗೆ ಮಾಡ್ಕೊಳ್ಳೋ ನಾವು ನಾಲ್ವರು ಕೂತು ಆರಿಸಿದ್ವಿ. ಬಿಳಿಚಿದ ಕಾಯಿ ಕಂಡಿದ್ದೇ ತಡ, ಬೂಷ್ಟು ಅಂತ ಕಸಕ್ಕೆ ಹಾಕಿದ್ವಿ. ಕೆಂಪಗೆ ಮಿರಮಿರ ಮಿಂಚೋವನ್ನು ಡಬ್ಬಿಗೆ ತುಂಬಿದ್ವಿ. ಫೋನಿನಲ್ಲಿ ಇದನ್ನು ಕೇಳಿದ ಅವರಮ್ಮ ಒಂದೇ ಮಾತು ಹೇಳಿದ್ರು: "ಒಡೆದು ನೋಡಿದ್ರೇನಪ್ಪಾ?" ಒಡೆದು ನೋಡಿದ್ವಿ. ಕೆಂಪು ಕಾಯಿಗಳಲ್ಲೇ ಕೆಲವದರ ಹೊಟ್ಟೆಯೊಳಗೆ, ಬೀಜದ ಸುತ್ತ, ಬೂದು-ಹಸಿರು ಹತ್ತಿಯಂಥದ್ದು. ಕಸದ ಬುಟ್ಟಿಯಲ್ಲಿದ್ದ ಬಿಳಿ ಕಾಯಿ ಬಹುಪಾಲು ಚೊಕ್ಕಟ. ಇಂಜಿನಿಯರಿಂಗ್ ಓದುವವರು ಎರಡೂ ಕಡೆ ತಪ್ಪು ಮಾಡಿದ್ವಿ. ಆಮೇಲೆ ಕುಳಿತು ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೀತಿದ್ದೇವೆ.

ಮೊದಲು ಬಿಳಿಯ ವಿಷಯ. ಮೆಣಸಿನಕಾಯಿಯ ಕೆಂಪು ಕ್ಯಾಪ್ಸಾಂಥಿನ್‌ನಂಥ ಕ್ಯಾರೊಟಿನಾಯ್ಡ್‌ಗಳಿಂದ ಬರುತ್ತದೆ. ಬಿಸಿಲು, ಗಾಳಿಯ ಆಮ್ಲಜನಕ ಎರಡೂ ಅದನ್ನು ಮುರಿಯುತ್ತವೆ. ಕಣದಲ್ಲಿ ಮಗುಚದೇ ಬಿಟ್ಟರೆ ಮೇಲಿದ್ದ ಕಾಯಿ ಬಿಸಿಲಿಗೆ ಬಣ್ಣ ಕಳೆದುಕೊಂಡು ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಇದು ಸಿಪ್ಪೆಯೊಳಗೇ ಇರೋ ಬಿಳಿ. ಒಣ ಬಟ್ಟೆಯಿಂದ ಉಜ್ಜಿದರೆ ಬಟ್ಟೆಗೆ ಏನೂ ಬರಲ್ಲ, ವಾಸನೆ ಮೆಣಸಿನಕಾಯಿಯದ್ದೇ. ಬೆಲೆ ಕಡಿಮೆ ಸಿಗುತ್ತೆ, ಆದರೆ ತಿಂದವರಿಗೆ ಏನೂ ಆಗಲ್ಲ. ಬೇಸಿಗೆಯಲ್ಲಿ ಬ್ಯಾಗಿನೊಳಗೆ ಕರಗಿ ಮತ್ತೆ ಗಟ್ಟಿಯಾದ ಚಾಕೊಲೇಟ್ ಮೇಲೆ ಬಿಳಿ ಪೊರೆ ಕಾಣುತ್ತಲ್ಲ, ಅದೂ ಹೀಗೇ. ಕೊಬ್ಬು ಮೇಲೆ ಬಂದು ಹರಳುಗಟ್ಟಿದ್ದು, ಬೂಷ್ಟಲ್ಲ.

ಬೂಷ್ಟಿನ ಲಕ್ಷಣ ಬೇರೆ. ಎಳೆಎಳೆಯಾಗಿ ಮೇಲೆದ್ದು ನಿಂತಿರುತ್ತೆ, ಬಟ್ಟೆಗೆ ಪುಡಿಯಾಗಿ ಹತ್ತುತ್ತೆ, ಮುಗ್ಗಲು ವಾಸನೆ. (ಮೂಗಿಗೆ ಹಿಡಿದು ಜೋರಾಗಿ ಎಳೆದುಕೊಳ್ಳಬೇಡಿ, ಬೀಜಕಣ ಒಳಗೆ ಹೋಗುತ್ತವೆ.) ಇವೆರಡರ ನಡುವೆ ಮೋಸ ಮಾಡೋದು ಇನ್ನೊಂದಿದೆ: ಬಿಳಿಚಿದ ಮಚ್ಚೆ, ಅದರೊಳಗೆ ಸೂಜಿಮೊನೆಯಂಥ ಕರಿ ಚುಕ್ಕೆಗಳು, ಕೆಲವೊಮ್ಮೆ ಸುತ್ತುಸುತ್ತಾಗಿ. ಅದು ಬಿಸಿಲಿನದ್ದಲ್ಲ. ಗಿಡದಲ್ಲೇ ಹತ್ತಿದ ಕಾಯಿ ಕೊಳೆ ರೋಗ, ಕೊಲೆಟೊಟ್ರೈಕಮ್ ಎಂಬ ಶಿಲೀಂಧ್ರದ ಕೆಲಸ. ಅಂಥದ್ದನ್ನು ಬೇರೆ ಮಾಡಲೇಬೇಕು.

ಹೊರಗೆ ಚೆಂದ, ಒಳಗೆ ಬೂಷ್ಟು ಯಾಕೆ? ಸಿಪ್ಪೆ ಬೇಗ ಒಣಗುತ್ತದೆ. ತೊಟ್ಟಿನ ಬುಡ ಮತ್ತು ಬೀಜ ಹಿಡಿದಿರೋ ದಿಂಡು ಕೊನೆಗೆ. ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು ಅಂತ ರೈತರು ನೋಡೋದು ಇದಕ್ಕೇ. ಲೆಕ್ಕ ಹಾಕಿ: 100 ಕೆಜಿ ಹಣ್ಣುಗಾಯಿಯಲ್ಲಿ 75 ಭಾಗ ನೀರು ಅಂದುಕೊಂಡರೆ, 10% ತೇವಕ್ಕೆ ಇಳಿಸಿದಾಗ ಉಳಿಯೋದು ಸುಮಾರು 28 ಕೆಜಿ. 72 ಕೆಜಿ ನೀರು ಕಣದಲ್ಲಿ ಹಾರಿಹೋಗಬೇಕು. ಇಡೀ ಒಣಮೆಣಸಿನಕಾಯಿಗೆ ಎಫ್‌ಎಸ್‌ಎಸ್‌ಎಐ ಇಟ್ಟಿರೋ ಮಿತಿ 11%. ಆದರೆ ಪೂರ್ತಿ ಒಣಗಿದ ಕಾಯಿ ತುಂಬುವಾಗ ಒಡೆಯುತ್ತೆ, ತೂಕವೂ ಇಳಿಯುತ್ತೆ. ಹಾಗಾಗಿ ಚೀಲ ತುಂಬೋ ಮುಂಚೆ ನೀರು ಚಿಮುಕಿಸೋ ಅಭ್ಯಾಸ ಇದೆ. 11% ಇದ್ದ 40 ಕೆಜಿ ಚೀಲ 14% ಆದರೆ ತೂಕ 1.4 ಕೆಜಿ ಏರುತ್ತೆ. ಆಸೆ ಹುಟ್ಟಿಸೋ ಲೆಕ್ಕವೇ. ಹಾಗೆ ಮಾಡುವವರನ್ನು ಬೈಯೋದು ಸುಲಭ. 2024ರ ಮಾರ್ಚ್‌ನಲ್ಲಿ ದರ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ಏನಾಯ್ತು ಅನ್ನೋದು ನಮಗೆಲ್ಲ ನೆನಪಿದೆ. ಆದರೂ ಆ ನೀರೇ ಮುಂದೆ ಇಡೀ ಚೀಲ ಕೆಡಿಸುತ್ತದೆ.

ಕೆಡೋದು ಅಂದರೆ ಬರೀ ರುಚಿ ಅಲ್ಲ. ಆಸ್ಪರ್ಜಿಲಸ್ ಫ್ಲೇವಸ್ ಬೆಳೆದರೆ ಅಫ್ಲಾಟಾಕ್ಸಿನ್ ಬರಬಹುದು. ಅದು ಯಕೃತ್ತಿನ ಕ್ಯಾನ್ಸರ್‌ಗೆ ಕಾರಣ ಅಂತ ಸಾಬೀತಾದ ವಿಷ. ಒಗ್ಗರಣೆಯ ಬಿಸಿಗೆ ಅದು ಪೂರ್ತಿ ಹೋಗಲ್ಲ. ಬೂಷ್ಟನ್ನು ಒರೆಸಿ ಮತ್ತೆ ಒಣಗಿಸಿದರೂ ಉಳಿಯುತ್ತೆ. ಯುರೋಪಿಗೆ ಹೋಗೋ ಮೆಣಸಿನಕಾಯಲ್ಲಿ ಒಟ್ಟು ಅಫ್ಲಾಟಾಕ್ಸಿನ್ ಕೆಜಿಗೆ 10 ಮೈಕ್ರೋಗ್ರಾಂ ಮೀರುವಂತಿಲ್ಲ. ಪುಡಿ ಮಾಡಿಬಿಟ್ಟರೆ ಕಣ್ಣಿಗೆ ಯಾವ ಸುಳಿವೂ ಸಿಗಲ್ಲ, ಅದಕ್ಕೇ ಇಡೀ ಕಾಯಿ ಕೊಂಡು ಒಡೆದು ನೋಡೋದು ವಾಸಿ.

ಈಗ ನಮ್ಮ ಸಿಲಬಸ್ಸಿಗೆ ಬರೋಣ. ದರ ಬರಲಿ ಅಂತ ಬಳ್ಳಾರಿ ಸುತ್ತಿನ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಚೀಲ ಇಡ್ತಾರೆ. ತಂಪು ಬೂಷ್ಟನ್ನು ಕೊಲ್ಲಲ್ಲ, ತಡೆದು ನಿಲ್ಲಿಸುತ್ತೆ ಅಷ್ಟೆ, ಬಣ್ಣವನ್ನೂ ಕಾಯುತ್ತೆ. ತೊಂದರೆ ಇರೋದು ಹೊರಗೆ ತರೋವಾಗ. ಹೊರಗೆ 35 ಡಿಗ್ರಿ, ಆರ್ದ್ರತೆ 40% ಇದ್ದರೆ ಗಾಳಿಯ ಇಬ್ಬನಿ ಬಿಂದು ಸುಮಾರು 19 ಡಿಗ್ರಿ. 5 ಡಿಗ್ರಿಯ ಕಾಯಿಗೆ ಆ ಗಾಳಿ ತಾಗಿದ ಕೂಡಲೇ ಮೇಲೆ ನೀರು. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರೋ ಹಾಗೆ. ಚೀಲವನ್ನು ಬಿಚ್ಚದೆ, ಗಾಳಿಯಾಡೋ ನೆರಳಲ್ಲಿ, ನೆಲ ಮುಟ್ಟದಂತೆ ಮರದ ಹಲಗೆ ಮೇಲಿಟ್ಟು ಒಳಗಿನ ಕಾಯಿಯೂ ಬೆಚ್ಚಗಾಗೋವರೆಗೆ ಕಾಯಬೇಕು. ಮನೆಯ ಫ್ರಿಜ್ಜಿನ ಡಬ್ಬಿಗೂ ಇದೇ: ಬೆಚ್ಚಗಾದ ಮೇಲೇ ಮುಚ್ಚಳ ತೆಗೀರಿ.

ತೇವ ಅಳೆಯೋ ಯಂತ್ರ ಇಲ್ಲದವರಿಗೆ ಉಪ್ಪು ಸಾಕು. ಅಡುಗೆ ಉಪ್ಪು 75% ಆರ್ದ್ರತೆ ದಾಟಿದರೆ ಗಾಳಿಯ ನೀರು ಎಳೆದುಕೊಂಡು ಒದ್ದೆಯಾಗುತ್ತೆ. ಈ ಗುಣ ಎಷ್ಟು ಖಚಿತ ಅಂದರೆ, ದುಬಾರಿ ಸಿಗಾರ್ ಜೋಪಾನ ಮಾಡೋರು ತಮ್ಮ ತೇವಮಾಪಕ ಸರಿಯಿದೆಯೇ ಅಂತ ನೋಡೋದು ಒದ್ದೆ ಉಪ್ಪಿನಿಂದಲೇ. ಬಾಣಲೆಯಲ್ಲಿ ಹುರಿದು ಆರಿಸಿದ ಹರಳುಪ್ಪನ್ನು ಒಂದು ಮುಚ್ಚಳದಲ್ಲಿಟ್ಟು, ಮುಕ್ಕಾಲು ಕಾಯಿ ತುಂಬಿದ ಗಾಜಿನ ಬಾಟಲಿಯೊಳಗಿಟ್ಟು, ಗಾಳಿ ಹೋಗದಂತೆ ಒಂದು ದಿನ ನೆರಳಲ್ಲಿ ಬಿಡಿ. ಉಪ್ಪು ಒದ್ದೆಯಾದರೆ ಆ ಕಾಯಿ ಇಡೋಕೆ ಬರಲ್ಲ. ಒಣಗೇ ಇದ್ದರೆ ಪೂರ್ತಿ ಸುರಕ್ಷಿತ ಅಂತಲೂ ಅಲ್ಲ. 75ಕ್ಕಿಂತ ಕೆಳಗೂ ಬದುಕೋ ಬೂಷ್ಟುಗಳಿವೆ. ಗಲಗಲ ಪರೀಕ್ಷೆ, ಒಡೆದು ನೋಡೋದು ಇದ್ದೇ ಇರಬೇಕು.

ಈ ಸಲ ಫೆಬ್ರವರಿಯಲ್ಲಿ ಗೆಳೆಯನ ಊರಿಗೇ ಹೋಗಿ ಮೂರು ಚೀಲದಿಂದ ಮೂರು ಬಾಟಲಿ ತುಂಬಿ ಇಟ್ವಿ. ಮಾರನೇ ದಿನ ಎರಡರಲ್ಲಿ ಉಪ್ಪು ಪುಡಿಪುಡಿ, ಒಂದರಲ್ಲಿ ಮುಚ್ಚಳಕ್ಕೆ ಅಂಟಿಕೊಂಡಿತ್ತು. ಅವರಮ್ಮ ಏನೂ ಅನ್ನದೆ ಆ ಚೀಲ ಬಿಚ್ಚಿ ಮತ್ತೆ ಕಣಕ್ಕೆ ಸುರಿದ್ರು. ಸಂಜೆವರೆಗೆ ಮಗುಚೋ ಕೆಲಸ ನಮ್ಮದಾಯ್ತು.